ಇಂದಿನ ಧಮ್ಮ ಚಿಂತನೆ: ಸುಖವಾಗಿ ಮಲಗುವವರು ಯಾರು?



ಮೂರು ವರ್ಷದ ಹಿಂದಿನ ಮಾತು. ರಾತ್ರಿ ಹತ್ತೂವರೆಗೆ ನಮ್ಮ ಕ್ಲಸ್ಟರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಬಿಸಿಯೂಟದ ಮತ್ತು ಮೊಟ್ಟೆಯ ಲೆಕ್ಕ ನಾಳೆ ಬೆಳಿಗ್ಗೆ ಬೇಕಂತೆ. ಮಲಗಿದ್ದವನು ಎದ್ದು ಕುಳಿತೆ, ಲೆಕ್ಕ ತುಂಬಿ ಹನ್ನೊಂದಕ್ಕೆ ಕಳಿಸಿದೆ. ಆಮೇಲೆ ನಿದ್ದೆ ಬರಲಿಲ್ಲ. ಅಂಕಿ ತಪ್ಪಾಯಿತೇನೋ ಎಂದು ಮತ್ತೆ ಮತ್ತೆ ಮೊಬೈಲ್ ತೆಗೆದು ನೋಡಿದೆ. ಎರಡು ಗಂಟೆಗೆ ನೀರು ಕುಡಿಯಲು ಎದ್ದ ಮಗಳು, "ಅಪ್ಪಾ, ನೀನಿನ್ನೂ ಸ್ಕೂಲಲ್ಲೇ ಇದ್ದೀಯಾ?" ಎಂದು ಕೇಳಿದಳು.

ಮರುದಿನ ನೋಡಿದರೆ ರಾತ್ರಿಯೇ ಲೆಕ್ಕ ಕಳಿಸಿದವನು ನಾನೊಬ್ಬನೇ. ಉಳಿದವರು ಬೆಳಿಗ್ಗೆ ಶಾಲೆಗೆ ಬಂದು ಕಳಿಸಿದ್ದರು. ಯಾರೂ ಅವರನ್ನು ಏನೂ ಅನ್ನಲಿಲ್ಲ.

ಹಾಗಾದರೆ ನನ್ನನ್ನು ಎಬ್ಬಿಸಿ ಕೂರಿಸಿದ್ದು ಯಾವುದು? ಯೋಚಿಸಿದಾಗ ಹೊಳೆಯಿತು, ಭಯ. ನೌಕರಿಗೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಯೊಬ್ಬರು ನನಗೆ ಕೇಳಿಸುವಂತೆಯೇ "ಕೋಟಾದಲ್ಲಿ ಬಂದವರ ಕೆಲಸ ಇಷ್ಟೇ" ಎಂದಿದ್ದರು. ಅಂದಿನಿಂದ ಎಲ್ಲರಿಗಿಂತ ಮೊದಲು ಬಂದೆ, ಎಲ್ಲರಿಗಿಂತ ಕೊನೆಗೆ ಹೋದೆ, ಮನೆಗೂ ಶಾಲೆಯನ್ನೇ ಹೊತ್ತು ತಂದೆ. ಆ ಮಾತು ಆಡಿದವರು ನಿವೃತ್ತರಾದರು. ಮಾತು ಮಾತ್ರ ನನ್ನ ತಲೆದಿಂಬಿನ ಕೆಳಗೇ ಉಳಿಯಿತು. ಮೊದಲ ತಲೆಮಾರಿನ ನೌಕರರಾದ ನಮ್ಮಲ್ಲಿ ಎಷ್ಟೋ ಜನ ಈ ಭಯಕ್ಕೆ ಶ್ರದ್ಧೆ ಎಂದು ಹೆಸರಿಟ್ಟು ಸಾಕಿಕೊಂಡಿದ್ದೇವೆ.

ಅಂಗುತ್ತರ ನಿಕಾಯದಲ್ಲಿ ಒಂದು ಪ್ರಸಂಗವಿದೆ. ಬುದ್ಧರು ಆಳವಿ ಎಂಬಲ್ಲಿ, ಶಿಂಶಪಾ ಮರಗಳ ಕಾಡಿನಲ್ಲಿ, ದನ ಓಡಾಡುವ ದಾರಿಯ ಮೇಲೆ ಎಲೆ ಹಾಸಿಕೊಂಡು ತಂಗಿದ್ದರು. ಹತ್ಥಕ ಎಂಬ ಉಪಾಸಕ ಬಂದು, ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ವಿಚಾರಿಸಿದ. ಲೋಕದಲ್ಲಿ ಸುಖವಾಗಿ ಮಲಗುವವರಲ್ಲಿ ತಾನೂ ಒಬ್ಬ ಎಂದರು ಬುದ್ಧರು. ಅವನಿಗೆ ಆಶ್ಚರ್ಯ. ಕಡು ಚಳಿಗಾಲ, ಗೊರಸು ತುಳಿದು ಗಟ್ಟಿಯಾದ ನೆಲ, ತೆಳುವಾದ ಎಲೆಯ ಹಾಸಿಗೆ, ಕೊರೆಯುವ ಗಾಳಿ. ಆಗ ಬುದ್ಧರು ತಿರುಗಿ ಕೇಳಿದರು: ಗಾಳಿ ನುಗ್ಗದ ಮನೆ, ಮೆತ್ತನೆಯ ಹಾಸಿಗೆ ಇರುವ ಶ್ರೀಮಂತನ ಒಳಗೆ ರಾಗ, ದ್ವೇಷ, ಮೋಹಗಳ ಉರಿ ಎದ್ದರೆ ಅವನಿಗೆ ನಿದ್ದೆ ಬಂದೀತೇ? ಬರದು ಎಂದು ಹತ್ಥಕ ಒಪ್ಪಿದ. ಆ ಉರಿ ತನ್ನಲ್ಲಿ ಬೇರುಸಹಿತ ಹೋಗಿದೆ, ಆದ್ದರಿಂದ ತಾನು ಸುಖವಾಗಿ ಮಲಗುತ್ತೇನೆ ಎಂದರು ಬುದ್ಧರು.

ನನ್ನ ಭಯವೂ ಅಂಥದ್ದೇ ಒಂದು ಉರಿ. ಯಾರೋ ಅಂದ ಮಾತನ್ನೇ ನನ್ನ ಬೆಲೆ ಎಂದು ನಂಬಿದ್ದು ಮೋಹವಲ್ಲದೆ ಇನ್ನೇನು?

ಬಾಬಾಸಾಹೇಬರು ದಿನಕ್ಕೆ 18 ಗಂಟೆ ಓದುತ್ತಿದ್ದರು ಎಂದು ಮಕ್ಕಳಿಗೆ ಹೇಳುತ್ತೇವೆ. ಅದರ ಜೊತೆ ಇನ್ನೊಂದನ್ನೂ ಹೇಳಬೇಕು. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿದ 1946ರ ತಿದ್ದುಪಡಿ ಮಸೂದೆಯನ್ನು ಮಂಡಿಸಿದವರು ಅವರೇ. ತಾವು ನಿದ್ದೆಗೆಟ್ಟರು, ಸಕ್ಕರೆ ಕಾಯಿಲೆಯಿಂದ ನರಳಿದರು. ಆದರೆ ದುಡಿಯುವವರ ದುಡಿಮೆಗೆ ಒಂದು ಗೆರೆ ಎಳೆದುಕೊಟ್ಟರು. ವಿಶ್ರಾಂತಿ ಸೋಮಾರಿತನವಲ್ಲ, ಹಕ್ಕು. ಆ ಗೆರೆಯನ್ನು ನಾವೇ ಅಳಿಸಿಕೊಳ್ಳಬಾರದು.

*ನಾನು ಮಾಡುತ್ತಿರುವುದು ಇಷ್ಟು:*

1. ಶಾಲೆ ಬಿಡುವ ಮುನ್ನ ನಾಳೆಯ ಕೆಲಸಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಖಾನೆಯಲ್ಲೇ ಇಟ್ಟು ಬರುತ್ತೇನೆ. ಬರೆದಿಟ್ಟದ್ದನ್ನು ತಲೆ ರಾತ್ರಿಯೆಲ್ಲ ಹೊರಬೇಕಿಲ್ಲ.

2. ಮನೆಗೆ ಬಂದು ಕೈಕಾಲು ತೊಳೆದು ಹತ್ತು ನಿಮಿಷ ಆನಾಪಾನ. ಉಸಿರು ಒಳಗೆ, ಉಸಿರು ಹೊರಗೆ. ಶಾಲೆಯ ಯೋಚನೆ ಬಂದರೆ ಬೈಯುವುದಿಲ್ಲ. ಬಂತು ಎಂದು ಗಮನಿಸಿ ಉಸಿರಿಗೆ ಮರಳುತ್ತೇನೆ.

3. ಒಂಬತ್ತರ ನಂತರ ಮೊಬೈಲ್ ಹೊರಗಿನ ಕೋಣೆಯಲ್ಲಿ. ಬೆಳಿಗ್ಗೆ ಏಳಲು ಒಂದು ಅಲಾರಂ ಗಡಿಯಾರ ತಂದಿದ್ದೇನೆ. ನಿಜವಾದ ತುರ್ತಿದ್ದರೆ ಜನ ಫೋನೇ ಮಾಡುತ್ತಾರೆ, ರಿಂಗಾದರೆ ಕೇಳಿಸುತ್ತದೆ.

4. ರಾತ್ರಿಯ ಪಾತ್ರೆ ನನ್ನದು. ನಾನು ಮನೆಗೆ ಬಂದು ವಿಶ್ರಾಂತಿ ಎನ್ನುತ್ತೇನೆ, ಆದರೆ ನನ್ನ ಹೆಂಡತಿಗೆ ಮನೆಯೇ ಕೆಲಸದ ಜಾಗ. ಅವಳ ದುಡಿಮೆಗೆ ಗೆರೆ ಎಳೆಯದೆ ನನ್ನದಕ್ಕೆ ಮಾತ್ರ ಎಳೆದುಕೊಂಡರೆ ಅದು ಸಮತೆಯಲ್ಲ.

ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಆದರೆ ಎದ್ದು ಮೊಬೈಲ್ ಹುಡುಕುವುದಿಲ್ಲ. ಕಳೆದ ವಾರ ರಾತ್ರಿ ಬಂದ ಸಂದೇಶಕ್ಕೆ ಬೆಳಿಗ್ಗೆ ಶಾಲೆಯಲ್ಲೇ ಉತ್ತರ ಕೊಟ್ಟೆ. ಏನೂ ಆಗಲಿಲ್ಲ.

ಇಂದು ಮಲಗುವ ಮುನ್ನ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ: ನನ್ನನ್ನು ಎಚ್ಚರವಾಗಿಟ್ಟಿರುವುದು ಕೆಲಸವೋ, ಯಾರದೋ ಮಾತಿನ ಭಯವೋ? ಕೆಲಸವಾದರೆ ನಾಳೆ ಮಾಡೋಣ. ಭಯವಾದರೆ ಅದನ್ನು ಗುರುತಿಸಿ ಹೆಸರಿಡಿ. ಅಲ್ಲಿಂದಲೇ ಅದು ಸಣ್ಣದಾಗತೊಡಗುತ್ತದೆ.

ಎಲ್ಲರಿಗೂ ಮಂಗಳವಾಗಲಿ. ಎಲ್ಲರೂ ಸುಖವಾಗಿ ನಿದ್ರಿಸಲಿ.

ನಮೋ ಬುದ್ಧಾಯ. ಜೈ ಭೀಮ್.