ಮೊದಲ ಚರ್ಚೆಗೆ ಹೊರಟ ಮೊಮ್ಮಗಳಿಗೆ

ಪುಟ್ಟೀ, ಬರುವ ವಾರ ತರಗತಿಯ ಚರ್ಚಾಸ್ಪರ್ಧೆಯಲ್ಲಿ ಮೊದಲ ಸಲ ಮಾತಾಡುತ್ತೀಯಂತೆ. ‘ಶಾಲೆಗೆ ಮೊಬೈಲ್ ತರಬಹುದು’ ಎಂಬ ವಿಷಯಕ್ಕೆ ನಿನ್ನದು ವಿರೋಧದ ಪಕ್ಷವಂತೆ. ಕೇಳಿ ಬಹಳ ಸಂತೋಷವಾಯಿತು. ಅಜ್ಜನ ನಾಲ್ಕು ಮಾತು ಕೇಳಿಕೊಂಡು ಹೋಗು.

ನಿನ್ನ ವಾದ ಬರೆಯುವ ಮೊದಲು ಎದುರಿನವರ ವಾದ ಬರೆ. ದೂರದ ಹಳ್ಳಿಯಿಂದ ಬರುವ ಹುಡುಗಿಗೆ ಬಸ್ಸು ತಪ್ಪಿದರೆ ಮನೆಗೆ ತಿಳಿಸುವುದು ಹೇಗೆ? ಒಳ್ಳೆಯ ಗ್ರಂಥಾಲಯವಿಲ್ಲದ ಶಾಲೆಯಲ್ಲಿ ಪಾಠಕ್ಕೆ ಬೇಕಾದ್ದನ್ನು ಎಲ್ಲಿ ಹುಡುಕಬೇಕು? ಅವರ ಕಾರಣಗಳಲ್ಲಿ ಅತ್ಯಂತ ಗಟ್ಟಿಯಾದವನ್ನೇ ಆರಿಸಿ, ಪಕ್ಕದಲ್ಲಿ ನಿನ್ನ ಉತ್ತರ ಬರೆ. ಉತ್ತರ ಹೊಳೆಯದಿದ್ದರೆ ಮೇಷ್ಟ್ರನ್ನು ಕೇಳು, ಅಮ್ಮನನ್ನು ಕೇಳು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು, ಎಂದರೆ ಎದುರಿನವರ ವಾದವನ್ನು, ಮೊದಲು ನಿರೂಪಿಸಿ, ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದುದು ಇದಕ್ಕೇ. ಇನ್ನೊಬ್ಬರ ಮಾತನ್ನು ಪೂರ್ತಿ ಅರಿಯದೆ ಖಂಡಿಸಿದರೆ ಆ ಖಂಡನೆ ನಿಲ್ಲುವುದಿಲ್ಲ.

ಇಡೀ ಭಾಷಣವನ್ನು ಬಾಯಿಪಾಠ ಮಾಡಬೇಡ. ನಡುವೆ ಒಂದು ಪದ ಮರೆತರೂ ಮುಂದಿನದೆಲ್ಲ ತಪ್ಪಿಹೋಗುತ್ತದೆ. ಮೊದಲ ಎರಡು ವಾಕ್ಯ, ಕೊನೆಯದೊಂದು ವಾಕ್ಯ ಬಾಯಲ್ಲಿರಲಿ. ನಡುವಿಗೆ ಮೂರು ಅಂಶ ಬರೆದ ಚೀಟಿ ಸಾಕು. ಪ್ರತಿ ಅಂಶಕ್ಕೂ ಒಂದು ಕಾರಣ, ಒಂದು ಉದಾಹರಣೆ ಇರಲಿ. ಗಡಿಯಾರ ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡು. ಎಚ್ಚರಿಕೆಯ ಗಂಟೆ ಹೊಡೆದರೆ ಹೊಸ ಅಂಶ ಎತ್ತಬೇಡ, ಇದ್ದುದನ್ನು ಮುಗಿಸು. ಎದ್ದು ನಿಂತಾಗ ಎದೆ ಹೊಡೆದುಕೊಳ್ಳುತ್ತದೆ. ಅದು ಎಲ್ಲರಿಗೂ ಆಗುವುದೇ. ಒಮ್ಮೆ ಉಸಿರೆಳೆದುಕೊಂಡು ಮೊದಲ ವಾಕ್ಯವನ್ನು ನಿಧಾನವಾಗಿ ಹೇಳು, ಉಳಿದದ್ದು ತಾನಾಗಿ ಬರುತ್ತದೆ.

ಬೇರೆಯವರು ಮಾತಾಡುವಾಗ ನಿನ್ನ ಚೀಟಿ ನೋಡುತ್ತ ಕೂರಬೇಡ. ಅವರು ಹೇಳಿದ್ದನ್ನು ಬರೆದುಕೋ. ಸರಿಯೆನಿಸಿದ್ದನ್ನು ಸರಿ ಎನ್ನಲು ಹಿಂಜರಿಯಬೇಡ. ‘ಬಸ್ಸಿನ ತೊಂದರೆ ನಿಜ, ಅದಕ್ಕೆ ಶಾಲೆಯ ಕಚೇರಿಯ ಫೋನ್ ಸಾಕಲ್ಲವೇ?’ ಎಂದು ಕೇಳಿದರೆ ನಿನ್ನ ಮಾತಿಗೇ ತೂಕ ಬರುತ್ತದೆ. ಆದರೆ ಯಾರದೇ ಉಚ್ಚಾರ, ಉಡುಪು, ಪರೀಕ್ಷೆಯ ಅಂಕಗಳನ್ನು ಎತ್ತಿ ಆಡಬೇಡ. ಅದರಿಂದ ಚಪ್ಪಾಳೆ ಸಿಗಬಹುದು, ಆದರೆ ಒಂದು ಮನಸ್ಸು ನೋಯುತ್ತದೆ.

ನಮ್ಮ ಸಂವಿಧಾನವೂ ಇಂಥ ಚರ್ಚೆಯಲ್ಲೇ ಹದಗೊಂಡಿತು. ಅದರ ಕರಡಿಗೆ 7,635 ತಿದ್ದುಪಡಿಗಳ ಸೂಚನೆ ಬಂದಿತ್ತು, 2,473 ಸಂವಿಧಾನ ರಚನಾ ಸಭೆಯಲ್ಲಿ ಮಂಡನೆಯಾದವು. 1949ರ ನವೆಂಬರ್ 25ರಂದು ಅಂಬೇಡ್ಕರ್ ತಮ್ಮ ಭಾಷಣದಲ್ಲಿ, ಎಚ್.ವಿ. ಕಾಮತ್, ಕೆ.ಟಿ. ಶಾ, ಹೃದಯನಾಥ ಕುಂಜ್ರು ಮೊದಲಾದ ಭಿನ್ನಮತದವರನ್ನು ಹೆಸರು ಹಿಡಿದು ನೆನೆದರು. ಅವರ ಸಲಹೆಗಳನ್ನು ತಾವು ಒಪ್ಪದಿದ್ದರೂ ಅವುಗಳ ಬೆಲೆ ಕುಗ್ಗುವುದಿಲ್ಲ ಎಂದರು. ಸಂವಿಧಾನದ ತತ್ವಗಳನ್ನು ವಿವರಿಸಿ ಹೇಳುವ ಅವಕಾಶ ಅವರ ಪ್ರಶ್ನೆಗಳಿಂದಲೇ ಒದಗಿತೆಂದು ಕೃತಜ್ಞತೆ ತೋರಿದರು. ಎದುರಾಳಿಯನ್ನು ಹೀಗೆ ಗೌರವಿಸುವುದನ್ನು ನೀನೂ ಕಲಿಯಬೇಕೆಂಬುದೇ ನನ್ನಾಸೆ.

ಬಹುಮಾನ ಯಾರಿಗೇ ಬರಲಿ, ಸ್ಪರ್ಧೆ ಮುಗಿದ ಮೇಲೆ ಎದುರು ಪಕ್ಷದವರ ಬಳಿಗೆ ಹೋಗಿ, ಅವರ ಯಾವ ಮಾತು ನಿನ್ನನ್ನು ಯೋಚನೆಗೆ ಹಚ್ಚಿತೆಂದು ಹೇಳು. ನಾಳೆ ಗ್ರಾಮಸಭೆಯಲ್ಲೋ, ದುಡಿಯುವ ಜಾಗದಲ್ಲೋ, ನಮ್ಮ ಮನೆಯಲ್ಲೇ ಆಗಲಿ, ಒಪ್ಪಿಗೆಯಿಲ್ಲದ್ದನ್ನು ಒಪ್ಪಿಗೆಯಿಲ್ಲ ಎಂದು ಸೌಜನ್ಯದಿಂದ ಹೇಳಬೇಕಾದ ದಿನ ಬಂದೇ ಬರುತ್ತದೆ. ಅದಕ್ಕೆ ಈಗಲೇ ಸಿದ್ಧಳಾಗು.