ದಿನಕ್ಕೊಂದು ಧಮ್ಮಚಿಂತನೆ: ಹಾಲ್‌ನಲ್ಲಿ ಬುದ್ಧ, ರೂಮಿನಲ್ಲಿ ಬಾಬಾಸಾಹೇಬರು



ಧಮ್ಮಬಂಧುಗಳೇ, ಇವತ್ತು ನಾಲ್ಕನೇ ಶೀಲದ ಬಗ್ಗೆ ಸ್ವಲ್ಪ ನಗುತ್ತಾ ಯೋಚಿಸೋಣ. ನಗುವುದು ಬೇರೆ ಯಾರನ್ನೋ ನೋಡಿ ಅಲ್ಲ, ನನ್ನನ್ನೇ ನೋಡಿ.

ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ಬಾಗಿಲು ತೆಗೆಯುವ ಮೊದಲೇ ಬರುವ ಪ್ರಶ್ನೆ ನಿಮಗೆಲ್ಲ ಗೊತ್ತು: "ನೀವು ಯಾವ ಜನ?" ಸ್ವಲ್ಪ ನಾಜೂಕಿನವರಾದರೆ "ವೆಜ್ಜಾ, ನಾನ್‌ವೆಜ್ಜಾ?" ಎನ್ನುತ್ತಾರೆ. ಕೇಳುವುದು ಅಡುಗೆಯನ್ನು, ಬೇಕಾಗಿರುವುದು ಜಾತಿ. ಮೂರು ಮನೆ ಕೈತಪ್ಪಿದ್ದವು. ನಾಲ್ಕನೇ ಮನೆಯ ಯಜಮಾನಿ ಕೇಳಿದಾಗ, "ನಾವು ಬೌದ್ಧರು ಅಮ್ಮ" ಎಂದೆ. ಅದು ನಿಜವೇ.

ಆಕೆಯ ಮುಖ ಅರಳಿತು. "ಓ, ಬೈಲಕುಪ್ಪೆ ಕಡೆಯವರಾ! ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!"

ನಾನು ಹುಟ್ಟಿ ಬೆಳೆದದ್ದು ನಂಜನಗೂಡು ತಾಲ್ಲೂಕಿನಲ್ಲಿ. ಕನ್ನಡ ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬಾರದು. ಆದರೂ ಬಾಯಿ ಬಿಡಲಿಲ್ಲ, ಸುಮ್ಮನೆ ನಕ್ಕೆ. ಮನೆ ಸಿಕ್ಕಿತು.

ಆಮೇಲೆ ಆ ನಗುವಿಗೆ ಬಡ್ಡಿ ಕಟ್ಟುವುದು ಶುರುವಾಯಿತು. "ಚಳಿ ಬರ್ತಿದೆ, ನಿಮ್ಮವರ ಅಂಗಡೀಲಿ ಒಂದು ಸ್ವೆಟರ್ ಕಡಿಮೆ ರೇಟಿಗೆ ಕೊಡಿಸ್ತೀರಾ?" ಎಂದರು. ಪೂರ್ತಿ ದುಡ್ಡು ಕೊಟ್ಟು ತಂದು, ಅರ್ಧ ರೇಟಿಗೆ ಸಿಕ್ಕಿತು ಎಂದೆ. "ಮೊಮೊ ಮಾಡೋದು ಹೇಳಿಕೊಡಿ" ಎಂದು ನಮ್ಮ ಮನೆಯವಳನ್ನು ಕೇಳಿದರು. ಅವಳು ಯೂಟ್ಯೂಬ್ ನೋಡಿ ಕಲಿತು, ಮಾರನೇ ದಿನ ಕಲಿಸಿದಳು. ಒಂದು ಸಂಜೆ ಅವಳು ಮುದ್ದೆ ತಿರುವುತ್ತಿದ್ದಾಗ ಆಕೆ ಅಡುಗೆಮನೆಗೆ ಬಂದು, "ಟಿಬೆಟ್‌ನಲ್ಲೂ ಮುದ್ದೆ ಉಣ್ತಾರಾ?" ಎಂದು ಬೆರಗಾದರು. ಅವತ್ತು ರಾತ್ರಿ ಮನೆಯವಳು ನನ್ನ ಜೊತೆ ಮಾತಾಡಲಿಲ್ಲ.

ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನನಗೆ ಆ ಮರ್ಯಾದೆ ಹಿಡಿಸಿಬಿಟ್ಟಿತ್ತು. "ನಿಮ್ಮ ಜನ ಬಹಳ ಶಾಂತ" ಎಂದು ಆಕೆ ಹೊಗಳಿದರೆ, ನಾನು ಮೆಟ್ಟಿಲನ್ನು ಇನ್ನೂ ಮೆಲ್ಲಗೆ ಇಳಿಯುತ್ತಿದ್ದೆ.

ಹಾಲ್‌ನಲ್ಲಿ ಬುದ್ಧರ ಮೂರ್ತಿ ಇಟ್ಟಿದ್ದೆ. ಬಾಬಾಸಾಹೇಬರ ಫೋಟೋ ಮಾತ್ರ ಒಳಗಿನ ರೂಮಿನಲ್ಲಿತ್ತು. ಒಂದು ದಿನ ಎರಡನೇ ಕ್ಲಾಸಿನ ಮಗಳು ಕೇಳಿದಳು: "ಅಪ್ಪ, ಬಾಬಾಸಾಹೇಬರು ಯಾಕೆ ಬಚ್ಚಿಟ್ಕೊಂಡಿದ್ದಾರೆ?"

ಅಲ್ಲಿಗೆ ನನ್ನ ನಗು ನಿಂತಿತು.

*ಬರೋಡದ ಪಾಠ*

ಇಂಥ ಸಂಕಟ ಬಾಬಾಸಾಹೇಬರಿಗೂ ಬಂದಿತ್ತು. 1917ರಲ್ಲಿ, ಅಮೆರಿಕ ಮತ್ತು ಲಂಡನ್‌ನಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದಾಗ, ಅವರಿಗೆ ಉಳಿಯಲು ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಇರಬೇಕಾಯಿತು. 11ನೇ ದಿನ ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಇದನ್ನು ಅವರು ಮುಚ್ಚಿಡಲಿಲ್ಲ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ, ಹೆಸರು ಬದಲಿಸಿದ್ದನ್ನೂ ಸೇರಿಸಿ, ತಾವೇ ಬರೆದಿಟ್ಟರು.

ಇದರಿಂದ ನಾನು ಕಲಿತದ್ದು ಎರಡು. ಸೂರಿಗಾಗಿ ಗುರುತು ಮುಚ್ಚಿಡಬೇಕಾದ ಸ್ಥಿತಿ ಬಂದರೆ, ಮೊದಲ ನಾಚಿಕೆ ಹಾಗೆ ಮಾಡಿಸಿದವರದ್ದು, ನಮ್ಮದಲ್ಲ. ಆದರೆ ಮುಚ್ಚಿಟ್ಟದ್ದೇ ಹಿತವಾಗತೊಡಗಿದರೆ, ಅಲ್ಲಿಂದ ಮುಂದೆ ಲೆಕ್ಕ ನಮ್ಮದು.

*ರಾಹುಲನ ಪಾತ್ರೆ*

ಮಜ್ಝಿಮ ನಿಕಾಯದಲ್ಲಿ ಭಗವಾನ್ ಬುದ್ಧರು ಮಗ ರಾಹುಲನಿಗೆ ಕೊಟ್ಟ ಒಂದು ಉಪದೇಶವಿದೆ. ಕಾಲು ತೊಳೆದು ಪಾತ್ರೆಯಲ್ಲಿ ಒಂದಿಷ್ಟು ನೀರು ಉಳಿಸಿ ತೋರಿಸುತ್ತಾರೆ: ಬೇಕೆಂದೇ ಸುಳ್ಳು ಹೇಳಲು ನಾಚದವನ ಸಾಧನೆ ಇಷ್ಟೇ ಎಂದು. ಆ ನೀರನ್ನೂ ಚೆಲ್ಲುತ್ತಾರೆ, ಪಾತ್ರೆ ಬೋರಲು ಹಾಕುತ್ತಾರೆ, ಮತ್ತೆ ಎತ್ತಿ ಖಾಲಿ ಒಳಗನ್ನು ತೋರಿಸುತ್ತಾರೆ. ತಮಾಷೆಗೂ ಸುಳ್ಳು ಬೇಡ ಎನ್ನುತ್ತಾರೆ. ಆಮೇಲೆ ಕೇಳುತ್ತಾರೆ: ಕನ್ನಡಿ ಯಾತಕ್ಕೆ? ನೋಡಿಕೊಳ್ಳಲು. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನಮ್ಮ ನಡೆನುಡಿ ನೋಡಿಕೊಳ್ಳಬೇಕು.

ಸಾಮ್ರಾಟ ಅಶೋಕ ಬೈರಾಟ್‌ನ ಶಾಸನದಲ್ಲಿ, ಭಿಕ್ಖುಗಳೂ ಉಪಾಸಕ ಉಪಾಸಿಕೆಯರೂ ಮತ್ತೆಮತ್ತೆ ಕೇಳಬೇಕಾದ ಏಳು ಧಮ್ಮೋಪದೇಶಗಳನ್ನು ಹೆಸರಿಸಿದ್ದಾನೆ. ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ್ದು ಅದರಲ್ಲಿ ಒಂದು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಒಂದು.

*ಆಮೇಲೆ ಏನಾಯಿತು?*

ಏಪ್ರಿಲ್ 14ಕ್ಕೆ ಫೋಟೋ ಹಾಲ್‌ಗೆ ಬಂತು. ಮಗಳೇ ಹೂವಿಟ್ಟಳು. ಪಾಯಸ ಕೊಟ್ಟು ಯಜಮಾನಿಗೆ ಎಲ್ಲ ಹೇಳಿದೆ, ಸ್ವೆಟರಿನ ನಿಜವಾದ ರೇಟನ್ನೂ ಸೇರಿಸಿ. ಆಕೆ ಫೋಟೋ ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. 11 ತಿಂಗಳ ಕರಾರು ಮುಗಿದಾಗ ಮುಂದುವರಿಸಲಿಲ್ಲ. "ಮಗ ವಾಪಸ್ ಬರ್ತಾನೆ" ಎಂದರು. ಮಗ ಬಂದ ಹಾಗೆ ಕಾಣಲಿಲ್ಲ. ಆದರೆ ಹೊರಡುವ ದಿನ ಆಕೆ ಅದೇ ಸ್ವೆಟರ್ ಹಾಕಿಕೊಂಡು ಗೇಟಿನ ತನಕ ಬಂದು, ಮಗಳ ಕೆನ್ನೆ ಸವರಿದರು. ಅದಕ್ಕೆ ಅರ್ಥ ಏನೆಂದು ನಾನು ಬಿಡಿಸಲು ಹೋಗಿಲ್ಲ.

ಈಗಿನ ಮನೆಯಲ್ಲಿ ಮೊದಲ ಮೊಳೆ ಹೊಡೆದದ್ದು ಬಾಬಾಸಾಹೇಬರ ಫೋಟೋಗೆ. ಹೊಡೆಯುವಾಗ ಸುತ್ತಿಗೆ ಹಿಡಿದವಳು ಮಗಳು, ಏಟು ತಿಂದದ್ದು ನನ್ನ ಹೆಬ್ಬೆರಳು.

*ಇಂದಿನ ಅಭ್ಯಾಸ*
1. ನನ್ನ ಬಗ್ಗೆ ಯಾರಾದರೂ ತಪ್ಪು ತಿಳಿದಿದ್ದು, ಅದು ನನಗೆ ಲಾಭ ಎಂದು ನಾನು ಸುಮ್ಮನಿದ್ದೇನೆಯೇ?
2. ಆ ಮೌನ ಭಯದಿಂದ ಬಂದದ್ದೇ, ಒಣ ಜಂಬದಿಂದ ಬಂದದ್ದೇ?
3. ಇದನ್ನು ಪೂರ್ತಿ ಓದಿದೆನೇ? ಓದದೆ ಕೈಮುಗಿದ ಎಮೋಜಿ ಹಾಕುವುದೂ ನಾಲ್ಕನೇ ಶೀಲದ ವ್ಯಾಪ್ತಿಗೇ ಬರುತ್ತದೆ 😊

*ಭವತು ಸಬ್ಬ ಮಂಗಲಂ. ಜೈ ಭೀಮ್* 💙