ನೂರಕ್ಕೆ ಎರಡು: ಕೊಡುವವರು ಯಾರು, ಉಣ್ಣುವವರು ಯಾರು?

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸುತ್ತಿನ ಹೋಂಸ್ಟೇಯವರೆಲ್ಲ ಒಬ್ಬರ ಮನೆಯ ಜಗಲಿಯಲ್ಲಿ ಸೇರಿದ್ದೆವು. ಕರೆಸಿದ್ದು ಗುಡ್ಡದಾಚೆಯ ರೆಸಾರ್ಟಿನವರು. "ಕೋಣೆ ಬಾಡಿಗೆಯಲ್ಲಿ ನೂರಕ್ಕೆ ಎರಡು ರೂಪಾಯಿ ಎಲ್ಲರೂ ತೆಗೆದಿಡೋಣ. ಆ ದುಡ್ಡಲ್ಲಿ ನಮ್ಮ ಸೀಮೆಯ ಪ್ರಚಾರ ಮಾಡೋಣ. ಅಮೆರಿಕದಲ್ಲಿ ಹೀಗೇ ಮಾಡ್ತಾರೆ" ಅಂದರು. ಯಾರೂ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಚಹಾ ಕುಡಿದು ಎದ್ದು ಬಂದೆವು.

ನನಗಿರುವುದು ಮೂರು ಎಕರೆ ಅಡಿಕೆ ತೋಟ, ಮೆತ್ತಿನ ಮೇಲೆ ಎರಡು ಕೋಣೆ. ಕೊಳೆ ರೋಗ ಬಂದ ವರ್ಷ ಸೊಸೈಟಿ ಸಾಲದ ಕಂತು ಕಟ್ಟಿದ್ದು ಆ ಎರಡು ಕೋಣೆಗಳೇ. ಹಾಗಾಗಿ ಎರಡು ರೂಪಾಯಿಯಾದರೂ ವಿಚಾರಿಸದೆ ಒಪ್ಪುವ ಹಾಗಿರಲಿಲ್ಲ. ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನಿಗೆ ಫೋನು ಮಾಡಿದೆ. "ಹೌದು ಮಾವ, ಇಲ್ಲಿ ಅಂಥದ್ದು ಇದೆ" ಎಂದವನೇ 2018ರಲ್ಲಿ ಸ್ಯಾನ್ ಡಿಯಾಗೋ ನಗರದ ದೊಡ್ಡ ಹೋಟೆಲಿನಲ್ಲಿ ಇಳಿದಾಗಿನ ಬಿಲ್ಲಿನ ಫೋಟೋ ಕಳಿಸಿದ. ನೂರು ಡಾಲರ್ ಬಾಡಿಗೆಗೆ ಹತ್ತೂವರೆ ಡಾಲರಿನಂತೆ ನಗರದ ತಂಗುವ ತೆರಿಗೆ. ಅದರ ಕೆಳಗೆ ಬೇರೆ ಸಾಲಿನಲ್ಲಿ ನೂರಕ್ಕೆ ಎರಡರಂತೆ ಇನ್ನೊಂದು ಮೊತ್ತ. ಅದೇ ಪ್ರವಾಸೋದ್ಯಮ ವಲಯದ ಶುಲ್ಕ. ಅವನು ಹುಡುಕಿ ಕಳಿಸಿದ ಕಾಗದಪತ್ರಗಳನ್ನು ಒಂದು ವಾರ ಕೂತು ಓದಿದೆ.

ತೆರಿಗೆ ಬೇರೆ, ವಂತಿಗೆ ಬೇರೆ

ಆ ಎರಡು ಸಾಲುಗಳ ವ್ಯತ್ಯಾಸ ಗೊತ್ತಾದರೆ ಅರ್ಧ ಪಾಠ ಮುಗಿದಂತೆ. ತೆರಿಗೆಯ ದುಡ್ಡು ನಗರದ ಖಜಾನೆಗೆ ಹೋಗುತ್ತದೆ. ರಸ್ತೆ, ಪೊಲೀಸು, ಪಾರ್ಕು, ಯಾವುದಕ್ಕೂ ಬಳಸಬಹುದು. ಶುಲ್ಕ ಹಾಗಲ್ಲ. ಹಳ್ಳಕ್ಕೆ ಒಡ್ಡು ಕಟ್ಟುವಾಗ ನೀರು ಪಡೆಯುವ ತೋಟದವರಷ್ಟೇ ವಂತಿಗೆ ಹಾಕುತ್ತೇವಲ್ಲ, ಅದರಂತೆ. ಹಾಕಿದವರಿಗೇ ಅದರ ಫಲ ಸಿಗಬೇಕು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ವಲಯವನ್ನು ಮೊದಲು ಮಾಡಿದ್ದು ವೆಸ್ಟ್ ಹಾಲಿವುಡ್, 1989ರಲ್ಲಿ. 1994ರಲ್ಲಿ ಬಂದ ಕಾನೂನು ವ್ಯವಹಾರಸ್ಥರು ತಾವೇ ಸೇರಿ ವಲಯ ಕಟ್ಟಿಕೊಳ್ಳುವುದಕ್ಕೆ ದಾರಿ ಮಾಡಿತು. 2010ರಲ್ಲಿ ಮತದಾರರು ಅಲ್ಲಿನ ರಾಜ್ಯ ಸಂವಿಧಾನಕ್ಕೆ 26ನೆಯ ಪ್ರಸ್ತಾವ ಎಂಬ ತಿದ್ದುಪಡಿ ತಂದರು. ಕೊಟ್ಟವರಿಗೆ ನೇರವಾಗಿ ಸಿಗುವ, ಕೊಡದವರಿಗೆ ಸಿಗದ ಪ್ರಯೋಜನ ಇದ್ದರೆ ಮಾತ್ರ ಅದು ಶುಲ್ಕ. ಇಲ್ಲವಾದರೆ ತೆರಿಗೆ. ತೆರಿಗೆ ಅಂದರೆ ಜನರ ಮತ ಬೇಕು.

ಇದನ್ನು ಎರಡು ಸಲ ಓದಿದೆ. ಹಾಗಾದರೆ ಆ ದುಡ್ಡು ಊರಿನ ರಸ್ತೆಗೆ, ನೀರಿಗೆ, ಕಸಕ್ಕೆ ಹೋಗುವ ಹಾಗೇ ಇಲ್ಲ! ಕಾನೂನೇ ಹಾಗಿದೆ. ಕೋಣೆ ತುಂಬಿಸುವುದಕ್ಕೆ, ಅಂದರೆ ಜಾಹೀರಾತು, ಸಮ್ಮೇಳನ ತರಿಸುವುದು, ಹಬ್ಬ ಮಾಡಿಸುವುದು, ಇಂಥದ್ದಕ್ಕೇ ಬಳಸಬೇಕು. ರಸ್ತೆ ಬದಿ ಜೇನು ಮಾರುವವನಿಗೆ ನಾಲ್ಕು ಗಿರಾಕಿ ಹೆಚ್ಚಾದರೆ ಅದು ಒಡ್ಡಿನಿಂದ ಜಿನುಗಿ ಪಕ್ಕದ ಗದ್ದೆಗೆ ಬಂದ ನೀರು. ಅವನಿಗಾಗಿ ಬಿಟ್ಟದ್ದಲ್ಲ. ಮತ್ತೆ ಶುಲ್ಕ ಹೋಟೆಲಿನವರ ಮೇಲೆ ಅಂತ ಹೆಸರಿಗೆ ಇದ್ದರೂ ಬಿಲ್ಲಿಗೆ ಸೇರಿಸುವುದರಿಂದ ಕೊನೆಗೆ ಕೊಡುವವನು ಅತಿಥಿ.

ಹೆಚ್ಚು ಕೊಟ್ಟವನ ಮಾತು

ವಲಯ ಬೇಕೋ ಬೇಡವೋ ಎಂಬ ತೀರ್ಮಾನ ತಲೆ ಎಣಿಸಿ ಆಗುವುದಿಲ್ಲ, ದುಡ್ಡು ಎಣಿಸಿ ಆಗುತ್ತದೆ. 1994ರ ಕಾನೂನಿನ ಪ್ರಕಾರ ಒಟ್ಟು ಶುಲ್ಕದ ಅರ್ಧಕ್ಕಿಂತ ಹೆಚ್ಚು ಕೊಡುವವರು ಸಹಿ ಹಾಕಿದರೆ ಪ್ರಸ್ತಾವ ಮುಂದೆ ಹೋಗುತ್ತದೆ. ಒಬ್ಬನೇ ಮಾಲೀಕನ ಪಾಲು ಶೇ. 40 ದಾಟಿದರೆ ದಾಟಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಕಡಿವಾಣ ಇದೆ. ಮೊದಲ ಅವಧಿ ಐದು ವರ್ಷಕ್ಕಿಂತ ಹೆಚ್ಚಿಲ್ಲ. ವರ್ಷಕ್ಕೊಮ್ಮೆ ವರದಿ ಕೊಡಬೇಕು. ವರ್ಷದಲ್ಲಿ 30 ದಿನ, ಬೇಡವೆನ್ನುವವರು ಸಹಿ ಸಂಗ್ರಹಿಸಿ ವಲಯವನ್ನೇ ರದ್ದು ಮಾಡಿಸಲು ಅವಕಾಶ ಇದೆ. ಇವೆಲ್ಲ ಒಳ್ಳೆಯ ಕಟ್ಟುಪಾಡುಗಳೇ. ನಮ್ಮ ಜಗಲಿ ಸಭೆಯಲ್ಲಿ ಇವುಗಳ ಸುದ್ದಿಯೇ ಬರಲಿಲ್ಲ.

ನಮ್ಮ ಲೆಕ್ಕ ಹಾಕಿ ನೋಡಿದೆ. ನನ್ನ ಎರಡೂ ಕೋಣೆ ಸೇರಿ ವರ್ಷಕ್ಕೆ 120 ರಾತ್ರಿ ಹೋಗುತ್ತವೆ. ರಾತ್ರಿಗೆ 2,500 ರೂಪಾಯಿಯಂತೆ ಮೂರು ಲಕ್ಷ. ನೂರಕ್ಕೆ ಎರಡು ಅಂದರೆ 6,000. ರೆಸಾರ್ಟಿನಲ್ಲಿ 40 ಕೋಣೆ. ಒಂದೊಂದೂ 150 ರಾತ್ರಿ, 6,000 ರೂಪಾಯಿಯಂತೆ ಹೋದರೆ 3 ಕೋಟಿ 60 ಲಕ್ಷ. ಅವರ ಪಾಲು 7 ಲಕ್ಷ 20 ಸಾವಿರ. ನನ್ನಂಥ 120 ಮನೆ ಸೇರಿದರೆ ಒಂದು ರೆಸಾರ್ಟಿಗೆ ಸಮ! ನಮ್ಮಲ್ಲಿರುವುದು ಬರೀ 30 ಮನೆ. ಅವರು ಹೆಚ್ಚು ಕೊಡುತ್ತಾರೆ, ಅದು ಸರಿಯೇ. ಆದರೆ ಪ್ರಚಾರದ ಚಿತ್ರದಲ್ಲಿ ಈಜುಕೊಳ ಬರುತ್ತದೋ ನಮ್ಮ ಬಚ್ಚಲ ಹಂಡೆ ಬರುತ್ತದೋ ಎಂದು ಹೇಳುವವರೂ ಅವರೇ ಆಗುತ್ತಾರೆ. ಹಾಲಿನ ಸೊಸೈಟಿಯಲ್ಲಿ ಎರಡು ಲೀಟರು ಹಾಕುವವನಿಗೂ ಇಪ್ಪತ್ತು ಲೀಟರು ಹಾಕುವವನಿಗೂ ಒಂದೇ ಓಟು.

ಸಣ್ಣವರನ್ನು ಸೇರಿಸಿದರು, ಬಿಟ್ಟರು

ಸ್ಯಾನ್ ಡಿಯಾಗೋದಲ್ಲಿ 2008ರಲ್ಲಿ ಶುರುವಾದಾಗ ಶುಲ್ಕ 70 ಕೋಣೆ ಮೇಲ್ಪಟ್ಟ ಹೋಟೆಲುಗಳಿಗೆ ಮಾತ್ರ. 2013ರಿಂದ ಎಲ್ಲರನ್ನೂ ಎಳೆದುಕೊಂಡರು. ಮನೆಯನ್ನು ದಿನದ ಬಾಡಿಗೆಗೆ ಕೊಡುವವರೂ ಬಂದರು. ದೊಡ್ಡವರಿಗೆ ಶೇ. 2, ಸಣ್ಣವರಿಗೆ ಶೇ. 0.55. ಅವಧಿ ಐದು ವರ್ಷವಲ್ಲ, ನಗರ ತನ್ನದೇ ನಿಯಮದಡಿ ಮೂವತ್ತೊಂಬತ್ತೂವರೆ ವರ್ಷ ಮಾಡಿತು! ಮೇಯರ್ ಬಾಬ್ ಫಿಲ್ನರ್ 2013ರಲ್ಲಿ ಒಪ್ಪಂದಕ್ಕೆ ಸಹಿ ಹಾಕದೆ ಹಣ ತಡೆಹಿಡಿದರು. ಹೋಟೆಲು ಕೆಲಸದವರಿಗೆ ಒಳ್ಳೆಯ ಸಂಬಳ ಕೊಡಿ ಎಂಬುದೂ ಅವರ ಷರತ್ತುಗಳಲ್ಲಿ ಒಂದು. ಇದು ಶುಲ್ಕವಲ್ಲ, ಮತದಾರರನ್ನು ಕೇಳದೆ ಹಾಕಿದ ತೆರಿಗೆ ಎಂದು ನಾಗರಿಕರ ಗುಂಪೊಂದು ಕೋರ್ಟಿಗೂ ಹೋಯಿತು. ಮೊಕದ್ದಮೆ ತಲೆಯ ಮೇಲಿರುವಾಗಲೇ 2016ರಲ್ಲಿ 70 ಕೋಣೆಗಿಂತ ಕಡಿಮೆ ಇರುವವರನ್ನು ಕೈಬಿಟ್ಟರು.

ದ್ರಾಕ್ಷಿ ತೋಟಗಳ ಸೀಮೆ ಸೊನೋಮಾದವರು ಬೇರೆ ದಾರಿ ಹಿಡಿದರು. ವರ್ಷಕ್ಕೆ ಮೂರೂವರೆ ಲಕ್ಷ ಡಾಲರಿಗಿಂತ ಕಡಿಮೆ ವಹಿವಾಟಿನ ತಂಗುಮನೆಗಳಿಗೆ ಶೇ. 2ರ ಶುಲ್ಕದಿಂದ ವಿನಾಯಿತಿ ಇಟ್ಟರು.

ನನಗೆ ಹೆಚ್ಚು ಹಿಡಿಸಿದ್ದು ಟಾಹೋ ಸರೋವರದ ಉತ್ತರ ದಂಡೆಯವರ ಕ್ರಮ. ಅಲ್ಲಿ ಮನೆಗಳೆಲ್ಲ ಪ್ರವಾಸಿಗರ ಪಾಲಾಗಿ ಕೆಲಸದವರಿಗೆ ಬಾಡಿಗೆ ಮನೆ ಸಿಗದ ಸ್ಥಿತಿ. 2021ರ ಜುಲೈಯಿಂದ ವಲಯದ ಶುಲ್ಕ ಬಂತು. ಅದುವರೆಗೆ ತಂಗುವ ತೆರಿಗೆಯಿಂದ ಪ್ರಚಾರಕ್ಕೆ ಹೋಗುತ್ತಿದ್ದ ದುಡ್ಡು ಉಳಿಯಿತು. ಉಳಿದದ್ದನ್ನು ಕೆಲಸದವರ ವಸತಿಗೆ, ಬಸ್ಸು ಸಂಚಾರಕ್ಕೆ ಎಂದು ಕೌಂಟಿ ತಿರುಗಿಸಿತು. ನಮ್ಮೂರಲ್ಲೂ ಬಾಡಿಗೆಗೆ ಸಿಗುತ್ತಿದ್ದ ಎರಡು ಮನೆ ಹೋಂಸ್ಟೇ ಆದವು. ಕೊನೆ ಕೊಯ್ಯುವವರು ಈಗ ಹನ್ನೆರಡು ಮೈಲಿ ದೂರದಿಂದ ಬರಬೇಕು. ಬೈಕಿನ ಪೆಟ್ರೋಲು ನಾವೇ ಕೊಡುತ್ತೇವೆ. ಹೋಂಸ್ಟೇಯ ಖರ್ಚಿನ ಲೆಕ್ಕದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

ಟಾಹೋದವರಿಗೆ ತಿರುಗಿಸಲು ಸ್ಥಳೀಯ ತೆರಿಗೆಯೊಂದು ಇತ್ತು. ನಮಗೆ ಅದಿಲ್ಲ. ನಮ್ಮ ಅತಿಥಿ ಆ್ಯಪ್ ಮೂಲಕ ಬಂದರೆ ಜಿಎಸ್‌ಟಿ ಕೊಡುತ್ತಾನೆ. ರಾತ್ರಿಗೆ 7,500 ರೂಪಾಯಿವರೆಗಿನ ಕೋಣೆಗೆ ಅದು ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 5. ನನ್ನಂಥ ನೋಂದಣಿ ಇಲ್ಲದವರ ಬದಲಿಗೆ ಆ್ಯಪಿನವರೇ ಕಟ್ಟುತ್ತಾರೆ. ಅದು ಕೇಂದ್ರಕ್ಕೂ ರಾಜ್ಯಕ್ಕೂ ಹೋಗುತ್ತದೆ. ನಮ್ಮ ಮನೆಗೆ ಬರುವ ಮಣ್ಣು ರಸ್ತೆಗೆ ಅಂತ ಅದರಲ್ಲಿ ಬೇರೆ ಪಾಲು ಇಲ್ಲ. ಧೂಳು ಕುಡಿಯುವವರು ಹೋಂಸ್ಟೇ ಇಲ್ಲದ ನೆರೆಯವರು.

ಮುಂದಿನ ಸಭೆಗೆ ನಾನು ಒಂದು ಕಾಗದ ಬರೆದಿಟ್ಟಿದ್ದೇನೆ. ನಮ್ಮದು ಸರ್ಕಾರದ ಶುಲ್ಕವಲ್ಲ, ನಾವೇ ಹಾಕಿಕೊಳ್ಳುವ ವಂತಿಗೆ. ಅಮೆರಿಕದ ಕಾನೂನು ನಮ್ಮ ಕೈ ಕಟ್ಟಿಲ್ಲವಾದ್ದರಿಂದ ಅರ್ಧ ದುಡ್ಡನ್ನಾದರೂ ರಸ್ತೆಗೆ, ಕಸಕ್ಕೆ ಇಡಬೇಕು. ಐದು ಕೋಣೆಗಿಂತ ಕಡಿಮೆ ಇದ್ದವರಿಗೆ ನೂರಕ್ಕೆ ಅರ್ಧ ರೂಪಾಯಿ ಸಾಕು. ಮನೆಗೊಂದೇ ಓಟು. ಅವಧಿ ಎರಡು ವರ್ಷ, ಲೆಕ್ಕ ಸೊಸೈಟಿಯ ಬೋರ್ಡಿನ ಮೇಲೆ ಅಂಟಿಸಬೇಕು. ರೆಸಾರ್ಟಿನವರು ಒಪ್ಪುತ್ತಾರೋ ಇಲ್ಲವೋ ನೋಡಬೇಕು. ನಿಮ್ಮ ಕಡೆ ಹೀಗೆ ವಂತಿಗೆ ಎತ್ತಿ ನಡೆಸಿದವರಿದ್ದರೆ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕದೊಡನೆ ಪತ್ರಿಕೆಗೆ ಬರೆಯಿರಿ. ಸಭೆ ಇರುವುದು ಕೊನೆ ಕೊಯ್ಲು ಮುಗಿದ ಮೇಲೆ.